ಎರಡು ಬೆರಳು ಮಾರ್ಜಿನ್

ನಾಳೆ ಭಾನುವಾರ, ಗುಂಡಮ್ಮ ಬರುವ ದಿನ. ಟೈಲರ್ ಮಾಸ್ಟ್ರು ಶನಿವಾರ ಮಧ್ಯಾಹ್ನವೇ ಕೋಟು ಕಳಚಿ, ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ಕೂತರು. ಅದನ್ನು ಸಣ್ಣದು ಮಾಡುವುದು ಇದು ನಾಲ್ಕನೇ ಸಲ. ಎರಡೂ ಪಕ್ಕದ ಹೊಲಿಗೆಯನ್ನು ಒಂದೊಂದು ಬೆರಳು ಒಳಗೆ ತೆಗೆದುಕೊಂಡರು. ಹೆಗಲು ಇಳಿದುಬಿದ್ದದ್ದು ಕಾಣದಿರಲಿ ಎಂದು ಅಲ್ಲಿ ಒಂದಿಷ್ಟು ಹತ್ತಿ ತುರುಕಿದರು. ಪ್ಯಾಂಟಿನ ಸೊಂಟವನ್ನು ಹೋದ ತಿಂಗಳೇ ಹಿಡಿದಾಗಿತ್ತು. ಇನ್ನೂ ಹಿಡಿದರೆ ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ಮುತ್ತು ಕೊಡುವ ಹಾಗಾಗುತ್ತಿತ್ತು, ಅದಕ್ಕೇ ಬಿಟ್ಟರು. ಎಲ್ಲ ಮುಗಿಸಿ, ಇಸ್ತ್ರಿ ಹಾಕಿ, ತೊಟ್ಟು ನಿಂತಾಗ ಕನ್ನಡಿಯಲ್ಲಿ ಕಂಡದ್ದು ಮೈಕೈ ತುಂಬಿಕೊಂಡ ಆಸಾಮಿ. ಕೋಟಿನ ಒಳಗಿದ್ದವರು ಬೇರೆ.

ನಲವತ್ತೊಂದು ವರ್ಷ ಕತ್ತರಿ ಹಿಡಿದ ಕೈ ಅದು. ಗೂನು ಬೆನ್ನಿನವರನ್ನು ನೆಟ್ಟಗೆ ನಿಲ್ಲಿಸಿದ ಕೈ, ಡೊಳ್ಳು ಹೊಟ್ಟೆಯ ಮದುಮಗನನ್ನು ಒಂದು ದಿನದ ಮಟ್ಟಿಗಾದರೂ ಸಪೂರ ಮಾಡಿದ ಕೈ. ಹಸಿದ ಮುದುಕನನ್ನು ಉಂಡವನಂತೆ ಕಾಣಿಸುವುದು ಅದಕ್ಕೆ ಯಾವ ಮಹಾ ಕೆಲಸ? ಇಡೀ ಬೀದಿಯೇ ಮೋಸ ಹೋಗಿತ್ತು. ಕೆಳಗಿನ ಔಷಧಿ ಅಂಗಡಿಯವನಂತೂ ಸಿಕ್ಕಾಗಲೆಲ್ಲ "ಮಾಸ್ಟ್ರೇ, ನಿಮಗೆ ವಯಸ್ಸೇ ಆಗಲ್ಲ ಬಿಡಿ" ಅನ್ನುತ್ತಿದ್ದ. ಔಷಧಿ ಮಾರುವವನ ಕಣ್ಣು ಇಷ್ಟು ಮಂದವಾದರೆ ಗತಿಯೇನು ಎಂದು ಮಾಸ್ಟ್ರು ಒಳಗೊಳಗೇ ನಗುತ್ತಿದ್ದರು. ಮೆಟ್ಟಿಲು ಹತ್ತಿ ಎರಡನೇ ಮಹಡಿ ಮುಟ್ಟುವಷ್ಟರಲ್ಲಿ ಆ ನಗು ಉಳಿಯುತ್ತಿರಲಿಲ್ಲ. ನಡುವೆ ಎರಡು ಸಲ ಮೆಟ್ಟಿಲ ಮೇಲೇ ಕೂರಬೇಕಾಗುತ್ತಿತ್ತು.

ಪಿಂಚಣಿ ಬಂದ ದಿನ ಬಾಡಿಗೆಯೂ ಬಿ.ಪಿ. ಮಾತ್ರೆಯೂ ತಮ್ಮ ಪಾಲನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗುತ್ತಿದ್ದವು. ಹೊಟ್ಟೆಗೆ ಸರದಿಯ ಕೊನೆಯ ಜಾಗ. ಮೊದಲ ವಾರ ಅನ್ನ, ಮೊಟ್ಟೆ. ಆಮೇಲೆ ಆಲೂಗಡ್ಡೆ. ಆಮೇಲೆ ಬ್ರೆಡ್ಡು. ಕೊನೆಯ ವಾರ ಚಹಾ ಎಂದರೆ ಚಹಾಕ್ಕೇ ಅವಮಾನ, ಅದರಲ್ಲಿ ಹಾಲಿರುತ್ತಿರಲಿಲ್ಲ.

ಆದರೆ ಪೂರಾ ನಿಜ ಹೇಳಬೇಕೆಂದರೆ, ತಪ್ಪೆಲ್ಲ ಪಿಂಚಣಿಯದ್ದೇ ಅಲ್ಲ. ಮೊದಲ ವಾರದ ಅನ್ನವೂ ಪಾತ್ರೆಯಲ್ಲಿ ಹಾಗೇ ಉಳಿದು ಹಳಸುತ್ತಿತ್ತು. ಒಂದು ತಟ್ಟೆ ಇಟ್ಟುಕೊಂಡು ಕೂತರೆ ಎರಡು ತುತ್ತಿನ ಮೇಲೆ ಇಳಿಯುತ್ತಿರಲಿಲ್ಲ. ಹೊಟ್ಟೆ ಹಸಿಯುತ್ತಿತ್ತು, ಉಣ್ಣಬೇಕು ಅನ್ನಿಸುತ್ತಿರಲಿಲ್ಲ. ಹೆಂಡತಿ ತೀರಿಕೊಂಡು ಎರಡು ವರ್ಷ. ಕೆಲವು ದಿನ ಹಾಸಿಗೆ ಸುತ್ತಿಡುವುದೂ ಆಗದೆ, ಗೋಡೆ ಕಡೆ ಮುಖ ಮಾಡಿ ಮಧ್ಯಾಹ್ನದವರೆಗೂ ಬಿದ್ದುಕೊಂಡಿರುತ್ತಿದ್ದರು. ಆಸ್ಪತ್ರೆಯ ಡಾಕ್ಟರು "ಊಟ ಸರಿಯಾಗಿ ಮಾಡ್ತೀರಾ?" ಎಂದು ಕೇಳಿದರೆ "ಮಾಡ್ತೀನಿ" ಅನ್ನುತ್ತಿದ್ದರು. ಕೇಳಿದವರೂ ಕಾಗದದಿಂದ ತಲೆ ಎತ್ತುತ್ತಿರಲಿಲ್ಲ, ಹೇಳಿದವರೂ ಎತ್ತುತ್ತಿರಲಿಲ್ಲ.

ಬೇಕಾಗಿದ್ದುದು ಅಂಗಡಿಯಲ್ಲಿನ ಮಧ್ಯಾಹ್ನ ಒಂದು ಗಂಟೆಯ ಊಟದ ಹೊತ್ತು. ಅಷ್ಟೇ. ನಾಲ್ಕು ಮಿಷನ್ನುಗಳು ಒಂದಾದ ಮೇಲೊಂದು ನಿಲ್ಲುತ್ತಿದ್ದವು, ಕೊನೆಯದು ನಿಂತ ಮೇಲೂ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಕತ್ತರಿಸುವ ಮೇಜಿನ ಮೇಲಿನ ಬಟ್ಟೆಚೂರು ಗುಡಿಸಿ ಹಳೆಯ ಪೇಪರು ಹಾಸುತ್ತಿದ್ದರು. ಡಬ್ಬಿಗಳ ಮುಚ್ಚಳ ಟಪ್ಪೆಂದು ತೆರೆಯುವ ಸದ್ದು. ಹೆಂಡತಿ ಎಲ್ಲರ ಡಬ್ಬಿಗೂ ಕೈ ಹಾಕಿ ಅವರದನ್ನು ಇವರಿಗೆ, ಇವರದನ್ನು ಅವರಿಗೆ ಬಡಿಸುತ್ತಿದ್ದಳು. ಯಾರ ಮನೆಯ ಅಡುಗೆ ಯಾರ ಹೊಟ್ಟೆಗೆ ಹೋಯಿತು ಎಂಬುದು ದೇವರಿಗೂ ತಿಳಿಯುತ್ತಿರಲಿಲ್ಲ. ರೆಡಿಮೇಡ್ ಬಂದು ಅಂಗಡಿ ಮುಚ್ಚಿತು. ಮಿಷನ್ನುಗಳಲ್ಲಿ ಒಂದು ಉಳಿಯಿತು. ಆಮೇಲೆ ಬಡಿಸುವವಳೂ ಹೋದಳು. ಈಗ ಮಾಸ್ಟ್ರು ಒಂದು ಗಂಟೆಯಾದ ಕೂಡಲೇ ರೇಡಿಯೋ ಹಾಕಿ ಜೋರು ಮಾಡುತ್ತಿದ್ದರು. ಆ ಹೊತ್ತಿನ ಮೌನವನ್ನು ಅವರಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಗುಂಡಮ್ಮ ಹೆಂಡತಿಯ ತಂಗಿ. ಅದು ಹೆತ್ತವರಿಟ್ಟ ಹೆಸರಲ್ಲ. ಅಂಗಡಿಯಲ್ಲಿ ಗುಂಡಿ ಹಚ್ಚುವುದು, ಕಾಜಾ ಹಾಕುವುದು ಅವಳ ಕೆಲಸ, ನೋಡಲೂ ಗುಂಡುಗುಂಡಗೆ; ಹೆಸರು ತಾನಾಗಿ ಬಂದು ಅಂಟಿಕೊಂಡಿತು. ಮದುವೆಯಾಗಲಿಲ್ಲ. "ಸೂಜಿಗೆ ದಾರ ಪೋಣಿಸಿಕೊಡೋ ಗಂಡು ಸಿಕ್ಕರೆ ಹೇಳಿ, ಆಗ್ತೀನಿ" ಅನ್ನುತ್ತಲೇ ಅರವತ್ತೆಂಟು ತುಂಬಿಸಿದ್ದಳು. ಪೇಟೆಯ ಆಚೆ ತುದಿಯಲ್ಲಿ ಯಾರದೋ ಮನೆಯ ಹಿಂಬದಿಯ ಕೋಣೆಯಲ್ಲಿ ಇದ್ದಳು. "ನಾನು ಒಲೆ ಹಚ್ಚೋಕೇ ಬಿಡಲ್ಲ ಭಾವ ಆ ಓನರಮ್ಮ, ಅವರ ಮನೇಲೇ ಊಟ" ಎಂದು ಬಂದಾಗಲೆಲ್ಲ ಹೇಳುತ್ತಿದ್ದಳು. ಅದು ಕೇಳಿ ಮಾಸ್ಟ್ರಿಗೆ ಅರ್ಧ ಹೊಟ್ಟೆ ತುಂಬುತ್ತಿತ್ತು.

ಇನ್ನರ್ಧದ ವಿಚಾರ ಅವಳಿಗೆ ತಿಳಿಯಬಾರದು. ತಿಳಿದರೆ ತನ್ನ ತಟ್ಟೆಯದನ್ನು ಡಬ್ಬಿಗೆ ಹಾಕಿಕೊಂಡು ಎರಡು ಬಸ್ಸು ಬದಲಾಯಿಸಿ ತಂದು ಮುಂದಿಡುವ ಜಾತಿ ಅವಳದು. ಅದಕ್ಕೇ ಈ ಸೂಜಿ, ಈ ಹತ್ತಿ. ಭಾನುವಾರಕ್ಕೆಂದು ನಾಲ್ಕು ಬಿಸ್ಕತ್ತು ಎತ್ತಿಟ್ಟಿರುತ್ತಿದ್ದರು. "ನೀನು ತಗೋ", "ನೀವು ತಗೊಳ್ಳಿ", "ನಂದು ಈಗಷ್ಟೇ ಊಟ ಆಯ್ತು", "ನಂದೂ ಹೊಟ್ಟೆ ಬಿರಿಯೋ ಹಾಗಿದೆ". ಹೀಗೆ ಇಬ್ಬರೂ ಒಂದೊಂದನ್ನು ಸಂಜೆಯವರೆಗೂ ಕೊರೆಯುತ್ತ ಕೂರುತ್ತಿದ್ದರು. ಮಾಸ್ಟ್ರಿಗೆ ತಮ್ಮ ನಾಟಕದ ಮೇಲೆ ಎಷ್ಟು ಗಮನವೆಂದರೆ, ಎದುರಿಗಿದ್ದವಳ ಬಿಸ್ಕತ್ತು ಯಾಕೆ ಕರಗಲಿಲ್ಲ ಎಂಬುದು ಹೊಳೆಯಲೇ ಇಲ್ಲ.

ಹಿರಿಯರಿಗೆ ಮಧ್ಯಾಹ್ನದ ಪುಕ್ಕಟೆ ಊಟ ಹಾಕುವ ಒಂದು ಹಾಲ್ ಲೈಬ್ರರಿಯ ಹಿಂದೆ ಶುರುವಾಗಿ ವರ್ಷವಾಗಿತ್ತು. ಮಾಸ್ಟ್ರು ಆ ದಾರಿಯಲ್ಲಿ ಹೋಗುವಾಗ ಎದುರಿನ ಫುಟ್‌ಪಾತು ಹಿಡಿಯುತ್ತಿದ್ದರು. ಅದು ಇಲ್ಲದವರಿಗೆ. ತಾವು ಇಲ್ಲದವರಲ್ಲ, ಸ್ವಲ್ಪ ಕಡಿಮೆ ಇದ್ದವರು. ಎದುರಿನ ಫುಟ್‌ಪಾತಿಗೂ ಬಿಸಿ ಅನ್ನದ ವಾಸನೆ ಬರುತ್ತಿತ್ತು, ಅದಕ್ಕೆ ಯಾರೇನು ಮಾಡುವುದು.

ಭಾನುವಾರ ಗುಂಡಮ್ಮ ಬಸ್ಸಿಳಿದು ಬರುವಷ್ಟರಲ್ಲಿ ಮಳೆ ಹೊಯ್ಯಿತು. ಬಾಗಿಲಲ್ಲಿ ನಿಂತಾಗ ಅವಳ ನೀಲಿ ಉಣ್ಣೆ ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ತೆಗಿ ಇಲ್ಲಿ. ಇಸ್ತ್ರಿ ಹಾಕಿ ಒಣಗಿಸಿಕೊಡ್ತೀನಿ" ಎಂದರು ಮಾಸ್ಟ್ರು.

"ಬೇಡಿ ಭಾವ, ಮೈಮೇಲೇ ಒಣಗತ್ತೆ."

"ನ್ಯುಮೋನಿಯಾನೂ ಮೈಮೇಲೇ ಬರತ್ತೆ. ತೆಗಿ ಅಂದ್ನಲ್ಲ."

ಅದು ಅಂಗಡಿಯಲ್ಲಿದ್ದಾಗಿನ ಧ್ವನಿ. ಆ ಧ್ವನಿಯ ಮಾತನ್ನು ಅವಳು ನಲವತ್ತು ವರ್ಷ ಕೇಳಿದ್ದಳು, ಈಗಲೂ ಕೇಳಿದಳು. ಕೋಟಿನ ಕೆಳಗೆ ಎರಡು ಸ್ವೆಟರು, ಅದರ ಮೇಲೆ ಬಿಗಿಯಾಗಿ ಸುತ್ತಿದ ಶಾಲು. "ಏನು ಚಳಿ ಅಂತೀರಾ" ಎಂದು ಅಡುಗೆಮನೆಗೆ ನಡೆದವಳು ಬಾಗಿಲಲ್ಲಿ ತಿರುಗಿ ನಿಂತಳು. "ಒಳಗಿಂದ ಇಸ್ತ್ರಿ ಹಾಕ್ಬೇಡಿ. ಮೇಲಿಂದ್ಲೇ ಸ್ವಲ್ಪ ಆಡಿಸಿ, ಸಾಕು."

ಉಣ್ಣೆಯನ್ನು ಮೇಲಿನಿಂದ ಇಸ್ತ್ರಿ ಮಾಡಿದರೆ ಮಿರಿಮಿರಿ ಹೊಳೆದು ಹಾಳಾಗುತ್ತದೆ. ತಿರುಗಿಸಿ, ತೆಳು ಬಟ್ಟೆ ಹಾಸಿ, ಒಳಗಿನಿಂದ ಮಾಡಬೇಕು. ಇದನ್ನು ಗುಂಡಮ್ಮನಿಗೆ ಕಲಿಸಿದವರೇ ಮಾಸ್ಟ್ರು. ವಯಸ್ಸಾಯಿತು, ಮರೆವು ಶುರುವಾಗಿದೆ ಎಂದುಕೊಂಡು ಕೋಟನ್ನು ಮೇಜಿನ ಮೇಲೆ ಹಾಕಿ ತಿರುಗಿಸಿದರು. ಬೆರಳು ಪಕ್ಕದ ಹೊಲಿಗೆಯ ಮೇಲೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

ಕೋಟು ಅವರೇ ಹೊಲಿದದ್ದು, ಆ ಹೊಲಿಗೆ ಮಾತ್ರ ಅವರದ್ದಲ್ಲ. ಗುಂಡಮ್ಮ ಎಡಚಿ, ಅವಳ ಕೈಹೊಲಿಗೆಯ ಟಾಕು ಎಡಕ್ಕೆ ವಾಲುತ್ತದೆ. ಹೊಲಿಗೆ ಎಡಕ್ಕೆ ವಾಲಿಕೊಂಡು ಕಂಕುಳಿನಿಂದ ಅಂಚಿನವರೆಗೂ ಇಳಿದಿತ್ತು. ಮಾಸ್ಟ್ರು ಜೇಬು ನೋಡಿದರು. ಮುಂದೆ ಇರಬೇಕಾದ ಜೇಬು ಪಕ್ಕಕ್ಕೆ ಸರಿದು, ಕೈ ಹಾಕಬೇಕಾದರೆ ಮೊಣಕೈಯನ್ನು ಹಿಂದಕ್ಕೆ ಮುರಿಯಬೇಕಾದಲ್ಲಿ ಹೋಗಿತ್ತು. ಒಳಗೆ ಹಿಡಿದದ್ದು ಒಂದು ಪಕ್ಕಕ್ಕೆ ನಾಲ್ಕು ಬೆರಳಿಗೆ ಕಡಿಮೆಯಿಲ್ಲ. ಒಂದೇ ಸಲದ ಕೆಲಸವಿರಲಾರದು, ಹಂತಹಂತವಾಗಿ ಮಾಡಿರಬೇಕು. ಓನರಮ್ಮನ ಊಟ ಎಂದು ಇವಳು ಇಷ್ಟು ದಿನ ಹೇಳಿಕೊಂಡು ಬಂದದ್ದೇನು?

ಅವರ ಎದೆ ಧಸಕ್ಕೆಂದದ್ದು ಅದಕ್ಕಲ್ಲ. ಹೊಲಿಗೆಯ ಆಚೆ ಬಟ್ಟೆಯೇ ಇರಲಿಲ್ಲ.

ಮಾಸ್ಟ್ರ ಅಂಗಡಿಯಲ್ಲಿ ಒಂದೇ ಒಂದು ಕಾನೂನಿತ್ತು: ಹೊಲಿಗೆಯ ಆಚೆ ಎರಡು ಬೆರಳು ಬಟ್ಟೆ ಒಳಗೆ ಉಳಿಸಬೇಕು. ಅದೇ ಮಾರ್ಜಿನ್. ಗಿರಾಕಿ ನಾಳೆ ದಪ್ಪ ಆಗಬಹುದು, ಕೋಟು ಮಗನಿಗೆ ಹೋಗಬಹುದು, ಮದುಮಗಳು ಬಸುರಿಯಾಗಬಹುದು. ಬಿಚ್ಚಿ ದೊಡ್ಡದು ಮಾಡಲು ಬಟ್ಟೆ ಬೇಕಲ್ಲ. ಗುಂಡಮ್ಮ ಹೊಸದಾಗಿ ಬಂದಾಗ, ಚೊಕ್ಕಟವಾಗಿ ಕಾಣಲಿ ಎಂದು ಯಾರದೋ ಪ್ಯಾಂಟಿನ ಮಾರ್ಜಿನ್ ಕತ್ತರಿಸಿ ಹಾಕಿದ್ದಳು. ಅವತ್ತು ಮಾಸ್ಟ್ರು ಬೈದ ಬೈಗುಳಕ್ಕೆ ಅವಳು ಎರಡು ದಿನ ಅತ್ತಿದ್ದಳು, ಹೆಂಡತಿ ನಾಲ್ಕು ದಿನ ಮಾತು ಬಿಟ್ಟಿದ್ದಳು. ಆಮೇಲೆ ನಲವತ್ತು ವರ್ಷದಲ್ಲಿ ಅವಳು ಒಂದು ಎಳೆಯನ್ನೂ ಕತ್ತರಿಸಿರಲಿಲ್ಲ. ಈಗ ತನ್ನ ಕೋಟಿನಲ್ಲಿ, ಹೊಲಿಗೆಗೆ ಅಂಟಿದಂತೆ, ನೀಟಾಗಿ, ಎಲ್ಲವನ್ನೂ ತೆಗೆದುಬಿಟ್ಟಿದ್ದಳು.

ಮಾಸ್ಟ್ರು ನಾಲ್ಕು ಸಲ ತಮ್ಮ ಕೋಟು ಹಿಡಿದಿದ್ದರು, ಒಂದು ಸಲವೂ ಕತ್ತರಿ ಮುಟ್ಟಿರಲಿಲ್ಲ. ಕೈಗೆ ಅಂಟಿದ ಅಭ್ಯಾಸ ಅದು, ಒಂದು ದಿನ ಮತ್ತೆ ಬೇಕಾದೀತು ಎಂಬ ಆಸೆಯೂ ಎಲ್ಲೋ ಸೇರಿಕೊಂಡಿತ್ತು. ಇವಳಿಗೆ ಆ ಆಸೆ ಇಲ್ಲ. ಅದು ಕೋಟಿನೊಳಗೆ ಬರೆದಿಟ್ಟ ಹಾಗೆ ಅವರಿಗೆ ಕಂಡಿತು.

ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. ಒಳಗೆ ಚಹಾ ಕುದಿಯುವ ಸದ್ದು. ಸುಮ್ಮನೆ ಒಣಗಿಸಿ, ತಿರುಗಿಸಿ ಕೊಟ್ಟುಬಿಡಬಹುದು. ನೋಡಲಿಲ್ಲ ಎಂದು ಅವಳಂದುಕೊಳ್ಳುತ್ತಾಳೆ, ಮುಂದಿನ ಭಾನುವಾರ ಮತ್ತೆ ಬರುತ್ತಾಳೆ, ಇಬ್ಬರೂ ಹೊಟ್ಟೆ ಬಿರಿಯುವ ಹಾಗಿದೆ ಎಂದು ಹೇಳಿಕೊಳ್ಳುತ್ತಾರೆ. ಕೇಳಿದರೆ ಅವಳು ಬಿಡುತ್ತಾಳೆಯೇ? "ನಿಮ್ಮದು ತೋರಿಸಿ ಭಾವ" ಅನ್ನುತ್ತಾಳೆ. ಎರಡು ವರ್ಷದಿಂದ ಕಟ್ಟಿಕೊಂಡು ಬಂದ ಮಾನ ಒಂದು ನಿಮಿಷದಲ್ಲಿ ಮೇಜಿನ ಮೇಲೆ ಬೀಳುತ್ತದೆ. ಮಾಸ್ಟ್ರಿಗೆ ನಿಜವಾಗಿ ನಾಚಿಕೆಯಾಯಿತು. ಇವಳೂ ಹೋಗಿಬಿಟ್ಟರೆ ಎಂದು ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಹೆದರಿಕೆಯೇ ಗೆದ್ದಿತು. ತಮ್ಮ ಕೋಟು ಕಳಚಿ, ಒಳಗನ್ನು ಹೊರಗೆ ಮಾಡಿ, ಅವಳ ಕೋಟಿನ ಪಕ್ಕದಲ್ಲಿ ಹಾಸಿದರು.

ಗುಂಡಮ್ಮ ಎರಡು ಲೋಟ ಹಿಡಿದು ಬಂದು ನಿಂತಳು. ಮೊದಲು ಕೋಟುಗಳನ್ನು ನೋಡಿದಳು, ಆಮೇಲೆ ಬರೀ ಅಂಗಿಯಲ್ಲಿದ್ದ ಭಾವನನ್ನು. ಲೋಟ ಕೆಳಗಿಟ್ಟು ಅವರ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಎಷ್ಟು ಸಲ?"

"ನಾಲ್ಕು."

"ಇಲ್ಲಿ ಕೈ ನಡುಗಿದೆ."

"ಹೂಂ."

"ಅಸಹ್ಯವಾಗಿದೆ ಹೊಲಿಗೆ. ನನಗೆ ಕೊಟ್ಟಿದ್ರೆ ನಾನಾದ್ರೂ ಹಾಕ್ಕೊಡ್ತಿದ್ದೆ."

ಮಾಸ್ಟ್ರಿಗೆ ನಗು ಬಂತು. ಅವಳಿಗೂ ಬಂದಿತ್ತೇನೋ, ಅರ್ಧಕ್ಕೇ ಮುಖ ಆಚೆ ತಿರುಗಿಸಿದಳು.

"ಮಾರ್ಜಿನ್ ಯಾಕೆ ಕತ್ತರಿಸಿದೆ?" ಎಂದು ಕೇಳಿದರು.

ಅವಳು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಓನರಮ್ಮ ಮನೆ ಮಾರಿ ಹೋಗಿ ವರ್ಷ ಆಯ್ತು ಭಾವ. ಹೊಸಬರು ಒಳ್ಳೇವ್ರೇ, ಎದುರಾದ್ರೆ ತಲೆ ಆಡಿಸ್ತಾರೆ. ಬೆಳಿಗ್ಗೆ ಏಳ್ತೀನಲ್ಲ, ಯಾಕೆ ಎದ್ದೆ ಅನ್ಸತ್ತೆ. ಇರೋದೇ ಇಷ್ಟು, ಅದನ್ನ ಬೇಯಿಸೋಕೂ ಕೈ ಬರಲ್ಲ. ಅರ್ಧ ಬೆಕ್ಕಿಗೆ ಹಾಕ್ಬಿಡ್ತೀನಿ. ಅದು ತಿನ್ನೋದನ್ನ ನೋಡ್ತಾ ಕೂತ್ರೆ ನಂಗೆ ಸಾಕು ಅನ್ಸತ್ತೆ." ಕೋಟಿನ ಕಡೆ ನೋಡದೆಯೇ ಮುಂದುವರಿಸಿದಳು. "ಮೊನ್ನೆ ಹಿಡಿಯೋವಾಗ ಒಳಗೆ ಅಷ್ಟೊಂದು ಬಟ್ಟೆ ಗಂಟು ಕಟ್ಕೊಂಡಿತ್ತು. ಇನ್ನ್ಯಾಕೆ ಇದು ಅಂತ ಕತ್ತರಿ ಹಾಕ್ದೆ. ನಾನು ಇನ್ನು ಈ ಕೋಟು ತುಂಬಲ್ಲ."

"ನಂಗೂ ಇಳಿಯಲ್ಲ ಕಣೆ" ಎಂದರು ಮಾಸ್ಟ್ರು. ಎರಡು ವರ್ಷದಲ್ಲಿ ಮೊದಲ ಸಲ ಇದನ್ನು ಬಾಯಿಬಿಟ್ಟು ಹೇಳಿದ್ದು. "ನಿಮ್ಮಕ್ಕ ಹೋದಾಗಿಂದ ಇಳಿಯಲ್ಲ. ಈಗ ನೀನೂ ಹೀಗೆ ಒಂದೊಂದೇ ಬೆರಳು ಹೋಗ್ತಾ ಇದ್ರೆ, ನಾನು ಭಾನುವಾರ ಯಾರಿಗೆ ಅಂತ ಕಾಯ್ಲಿ?"

ಚಹಾ ಆರಿಹೋಯಿತು.

ಮಾಸ್ಟ್ರು ಎದ್ದು ಬೀರು ತೆರೆದರು. ಅಲ್ಲಿ ಹೆಂಡತಿಯ ಕೋಟು ತೂಗುತ್ತಿತ್ತು. ಅಕ್ಕತಂಗಿಯರಿಬ್ಬರದನ್ನೂ ಒಂದೇ ವರ್ಷ, ಒಂದೇ ಥಾನಿನ ನೀಲಿ ಉಣ್ಣೆಯಲ್ಲಿ ಅವರೇ ಕತ್ತರಿಸಿದ್ದು. ಎರಡು ವರ್ಷದಿಂದ ಅದನ್ನು ಮುಟ್ಟಿರಲಿಲ್ಲ, ಬೀರು ತೆರೆದರೂ ಬೇಗ ಮುಚ್ಚುತ್ತಿದ್ದರು. ಮೇಜಿನ ಮೇಲೆ ತಂದು ತಿರುಗಿಸಿದರು. ಹೊಲಿಗೆಯ ಆಚೆ ಎರಡು ಬೆರಳು ಬಟ್ಟೆ ಇಟ್ಟದ್ದು ಇಟ್ಟ ಹಾಗೇ ಇತ್ತು, ಬಿಸಿಲು ಕಾಣದೆ ಹೊಸದರಂತೆ ಗಾಢ ನೀಲಿ. ಅವಳ ಮೈಯ ವಾಸನೆ ಇನ್ನೂ ಇದೆಯೇ ಎಂದು ಬಗ್ಗಿ ನೋಡಿದರು. ಸ್ವಲ್ಪ ಇತ್ತು, ಅಥವಾ ಅವರಿಗೆ ಹಾಗನ್ನಿಸಿತು.

"ಬೇಡಿ ಭಾವ. ಅಕ್ಕಂದು ಅದು."

"ಕೋಟಿಗೆ ಏನೂ ಆಗಲ್ಲ. ಒಳಗಿಂದಷ್ಟೇ ತೆಗೀತೀನಿ. ಅವಳಿಗೆ ಇನ್ನು ಬೇಕಾಗಲ್ಲ, ನಿಂಗೆ ಬೇಕು."

ಹೇಳುವಾಗ ಧ್ವನಿ ಗಟ್ಟಿಯಾಗಿತ್ತು. ಕತ್ತರಿಯನ್ನು ಹಿಡಿದ ಮೇಲೆ ಮಾತ್ರ ಕಣ್ಣು ಮಂಜಾಗಿ, ಒರೆಸಿಕೊಂಡು ಮತ್ತೆ ಶುರು ಮಾಡಬೇಕಾಯಿತು. ನಾಲ್ಕು ಪಟ್ಟಿ ಸಿಕ್ಕಿತು. ಎರಡೆರಡನ್ನು ಜೋಡಿಸಿ ಗುಂಡಮ್ಮನ ಕೋಟಿನ ಎರಡು ಪಕ್ಕಕ್ಕೂ ಕೂರಿಸಿದರು. ಅವಳ ಹಳೆಯ ಅಳತೆ ಅವರಿಗೆ ಬಾಯಿಪಾಠ. ಅವಳು ಸ್ಟೂಲಿನ ಮೇಲೆ ಕೂತು ಬ್ಲೇಡು ಹಿಡಿದು ಅವರ ಕೋಟಿನ ನಾಲ್ಕು ಸಲದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು, ಹೆಗಲಿನ ಹತ್ತಿಯನ್ನು ಕಿತ್ತು ಬುಟ್ಟಿಗೆ ಎಸೆದಳು. ಮಿಷನ್ನು ಓಡಿತು. ಅಂಗಡಿಯ ಸದ್ದಿನಲ್ಲಿ ಕಾಲು ಭಾಗ ಆ ಕೋಣೆಗೆ ಬಂತು, ಉಳಿದ ಮುಕ್ಕಾಲಿಗಾಗಿ ಇಬ್ಬರ ಕಿವಿಯೂ ಹಾತೊರೆಯಿತು. ರೇಡಿಯೋ ಹಾಕಬೇಕು ಎಂದು ಯಾರಿಗೂ ನೆನಪಾಗಲಿಲ್ಲ.

ಸಂಜೆ ಹೊರಡುವಾಗ ಕೋಟು ತೊಟ್ಟು ಕೆಳಗೆ ನೋಡಿಕೊಂಡಳು. "ಜೋತು ಬೀಳ್ತಿದೆ."

"ಬೀಳಲಿ. ನಾಳೆ ಹನ್ನೆರಡೂವರೆಗೆ ಲೈಬ್ರರಿ ಹತ್ರ ಬಾ."

"ಆ ಊಟಕ್ಕಾ? ಅದು ಇಲ್ಲದವರಿಗಲ್ವಾ ಭಾವ?"

"ಹೌದು" ಎಂದರು ಮಾಸ್ಟ್ರು. "ನಮಗೇ."

"ಈ ವೇಷದಲ್ಲಾ?"

"ನಾನೂ ಇದೇ ವೇಷ. ನೀನೊಬ್ಬಳೇ ಏನಲ್ಲ."

ಮರುದಿನ ಬಿಚ್ಚಿದ ಕೋಟು ತೊಟ್ಟು ಮೆಟ್ಟಿಲಿಳಿದಾಗ ಬೀದಿಯಲ್ಲಿ ಬೆತ್ತಲೆ ನಿಂತಂತಾಯಿತು. ಕೋಟು ಮೊಳೆಗೆ ತೂಗುಹಾಕಿದ ಹಾಗಿತ್ತು, ತೋಳಿನಿಂದ ಬೆರಳ ತುದಿ ಮಾತ್ರ ಇಣುಕುತ್ತಿತ್ತು. ಔಷಧಿ ಅಂಗಡಿಯವನು ಮಾತ್ರೆಯ ಹಾಳೆ ಕತ್ತರಿಸುತ್ತಿದ್ದವನು ಕೈ ನಿಲ್ಲಿಸಿದ. "ಮಾಸ್ಟ್ರೇ" ಎಂದ, ಮುಂದೆ ಏನು ಹೇಳುವುದೆಂದು ಅವನಿಗೆ ತೋಚಲಿಲ್ಲ. ಮಾಸ್ಟ್ರಿಗೆ ವಾಪಸು ಹತ್ತಿಬಿಡೋಣ ಅನ್ನಿಸಿತು. ಲೈಬ್ರರಿಯ ಮೂಲೆಯಲ್ಲಿ ಒಬ್ಬಳು ಅಷ್ಟೇ ದೊಡ್ಡ ಕೋಟಿನಲ್ಲಿ ನಿಂತು ಕಾಯುತ್ತಿರುತ್ತಾಳೆ ಎಂಬುದೊಂದೇ ಅವರನ್ನು ಮುಂದಕ್ಕೆ ನಡೆಸಿತು. ಅವಳು ನಿಂತಿದ್ದಳು. ಹತ್ತು ನಿಮಿಷ ಮೊದಲೇ ಬಂದಿದ್ದಳಂತೆ.

ಊಟದ ಹಾಲ್‌ನಲ್ಲಿ ಉದ್ದುದ್ದ ಮೇಜು, ಬೆಂಚು, ತಟ್ಟೆಗಳ ಸದ್ದು, ಗಿಜಿಗಿಜಿ. ಯಾರಾದರೂ ಏನಾದರೂ ಕೇಳಿದರೆ ಹೇಳೋಣವೆಂದು ಮಾಸ್ಟ್ರು ಉತ್ತರ ಕಟ್ಟಿಕೊಂಡು ಬಂದಿದ್ದರು. ಸೌಟು ಹಿಡಿದಿದ್ದ ಹೆಂಗಸು ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದಳು. "ಬನ್ನಿ, ಕೂತ್ಕೊಳ್ಳಿ" ಎಂದು ಎರಡು ತಟ್ಟೆ ತುಂಬಿ ಕೊಟ್ಟಳು. ಬಿಸಿ ಅನ್ನ, ಬೇಯಿಸಿದ ಬೇಳೆ, ಒಂದು ಮೊಟ್ಟೆ.

ಗೋಡೆ ಬದಿಯ ಬೆಂಚಿನಲ್ಲಿ ಕೂತರು. ಕೂತ ಮೇಲೆ ನೋಡಿದರೆ ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಉಳಿದಿತ್ತು. ಬೇಕೆಂದು ಬಿಟ್ಟದ್ದಲ್ಲ, ಈ ಇಬ್ಬರೂ ಬಡಿಸುವವಳನ್ನು ನಡುವೆ ಕೂರಿಸಿಕೊಳ್ಳದೆ ಯಾವತ್ತೂ ಉಂಡವರಲ್ಲ. ಇಬ್ಬರಿಗೂ ಅದು ಕಂಡಿತು. ಯಾರೂ ಸರಿಯಲಿಲ್ಲ. ತಟ್ಟೆಯಿಂದ ಆವಿ ಏಳುತ್ತಿತ್ತು, ಇಬ್ಬರ ಕೈಯೂ ತೊಡೆಯ ಮೇಲೇ ಇತ್ತು.

ಅಷ್ಟರಲ್ಲಿ ತಟ್ಟೆ ಹಿಡಿದ ಒಬ್ಬ ಮುದುಕಿ ಎಲ್ಲೆಲ್ಲೂ ಜಾಗ ಹುಡುಕುತ್ತ ಬಂದು ಅವರ ಮುಂದೆ ನಿಂತಳು.

"ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿದಳು.

ಮಾಸ್ಟ್ರು ಗುಂಡಮ್ಮನ ಕಡೆ ನೋಡಿದರು. ಅವಳು ಖಾಲಿ ಜಾಗದ ಮೇಲೆ ಹರಡಿದ್ದ ತನ್ನ ಕೋಟಿನ ಅಂಚನ್ನು ಮೆಲ್ಲಗೆ ಎಳೆದುಕೊಂಡಳು.

"ಇದ್ರು" ಎಂದಳು. "ಈಗ ನೀವು ಕೂತ್ಕೊಳ್ಳಿ."

ಮುದುಕಿ ನಡುವೆ ಕೂತು ಉಣ್ಣತೊಡಗಿದಳು. ಗುಂಡಮ್ಮ ಒಂದು ತುತ್ತು ಕಲಸಿ ಬಾಯಿಗಿಟ್ಟು, ನುಂಗಿ, ಮುದುಕಿಯ ತಲೆಯಾಚೆಯಿಂದ ಭಾವನ ತಟ್ಟೆಯ ಕಡೆ ನೋಡಿದಳು. ಮಾಸ್ಟ್ರು ತೋಳನ್ನು ಎರಡು ಮಡಿಕೆ ಮೇಲಕ್ಕೆ ಮಡಚಿಕೊಂಡು ಅನ್ನಕ್ಕೆ ಕೈ ಹಾಕಿದರು.